ತಮ್ಮೂಝ್ ಹದಿನಾಲ್ಕು

ಪರದೆಯ ಮೇಲಿದ್ದ ಒಂದೇ ಒಂದು ಪದ ಕಂಡು ವಕೀಲೆ ರೌದಾಳ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತುಬಿಟ್ಟಿತು.

‘ಸಂದೂಕ್’ ಎಂಬ ಆ ಪ್ರೋಗ್ರಾಮನ್ನು ಅವಳ ಸಹಾಯಕ ಹೈಕಲ್ ಆಗಷ್ಟೇ ಪೆನ್‌ಡ್ರೈವಿನಲ್ಲಿ ತಂದು ಅವಳ ಆಫೀಸಿನ ಲಿನಕ್ಸ್ ಕಂಪ್ಯೂಟರಿಗೆ ಹಾಕಿದ್ದ. ಒಳಗೆ ಬರೆದದ್ದಕ್ಕೆ ಬೀಗ ಜಡಿದು ಕಾಯುವುದು ಅದರ ಕೆಲಸ. ಸ್ಫಾಕ್ಸ್ ಬಂದರಿನ ಮೀನು ಕಾರ್ಖಾನೆಯ ನಲವತ್ತೊಂದು ಹೆಂಗಸರು ಸೂಪರ್‌ವೈಸರನ ಮೈ ಮುಟ್ಟುವ ಕಿರುಕುಳದ ವಿರುದ್ಧ ಗುಟ್ಟಾಗಿ ಹೇಳಿಕೆ ಕೊಟ್ಟಿದ್ದರು. ಅವರ ಹೆಸರುಗಳು ಇವತ್ತು ಅದರೊಳಗೆ ಹೋಗಬೇಕು. ಒಂದು ಹೆಸರು ಹೊರಗೆ ಬಿದ್ದರೂ ಆ ಹೆಂಗಸಿನ ಕೆಲಸ ಹೋಯಿತು, ಮನೆಯಲ್ಲಿ ಮುಖ ಎತ್ತಿ ನಿಲ್ಲುವುದೂ ಹೋಯಿತು. ಅದಕ್ಕೇ ರೌದಾ ಹಟ ಹಿಡಿದಿದ್ದಳು. ಇಂಟರ್ನೆಟ್ಟಿನಲ್ಲಿ ಸಿಗುವ ಸಿದ್ಧ ಪ್ರೋಗ್ರಾಮು ಬೇಡ, ನಡುವೆ ಯಾರು ಕೈಯಾಡಿಸಿರುತ್ತಾರೋ ಯಾರಿಗೆ ಗೊತ್ತು? ಯಾರು ಬೇಕಾದರೂ ಓದಬಹುದಾದ ಅದರ ಮೂಲ ಬರಹವನ್ನು, ಅಂದರೆ ಸೋರ್ಸ್ ಕೋಡನ್ನು, ಇಳಿಸಿಕೊಂಡು, ಹೈಕಲ್ ತನ್ನ ಕೈಯಾರೆ, ತನ್ನ ಲ್ಯಾಪ್‌ಟಾಪಿನಲ್ಲೇ ಅದರಿಂದ ಪ್ರೋಗ್ರಾಮನ್ನು ಕಟ್ಟಿ ತರಬೇಕು. ಆಫೀಸಿನ ಮುದಿ ಕಂಪ್ಯೂಟರಿಗೆ ಆ ಕೆಲಸ ಕೊಟ್ಟರೆ ಅದು ಪ್ರಾಣ ಬಿಡುತ್ತಿತ್ತು.

“ಹೈಕಲ್, ಇದನ್ನ ಕಟ್ಟಿದ್ದು ಯಾರು?”

“ನಾನೇ, ಮೇತ್ರ್.” ವಕೀಲರನ್ನು ಅಲ್ಲಿ ಕರೆಯುವುದೇ ಹಾಗೆ. “ನಿನ್ನೆ ಮಧ್ಯಾಹ್ನ ಪೂರ್ತಿ ಅದರ ಮುಂದೆ ಕೂತಿದ್ದೆ. ಆ ಬಿಸಿಗೆ ಲ್ಯಾಪ್‌ಟಾಪ್ ಮೇಲೆ ಮೊಟ್ಟೆ ಒಡೆದಿದ್ರೆ ಬೆಂದೇಹೋಗ್ತಿತ್ತು.”

“ನಿನ್ನ ಲ್ಯಾಪ್‌ಟಾಪಲ್ಲೇ?”

“ಮತ್ತಿನ್ಯಾರದ್ರಲ್ಲಿ?”

ರೌದಾ ಪರದೆಯನ್ನು ಅವನ ಕಡೆ ತಿರುಗಿಸಿದಳು. ಪ್ರೋಗ್ರಾಮಿನ ವಿವರ ಹೇಳುವ ಪುಟ್ಟ ಕಿಟಕಿಯ ತಳದಲ್ಲಿ ಅರಬ್ಬಿಯಲ್ಲಿ ಬರೆದಿತ್ತು: ಕಟ್ಟಿದ ದಿನ, ೧೪ ತಮ್ಮೂಝ್.

“ಈ ಜುಲೈ ತಿಂಗಳಿಗೆ ನಿಮ್ಮಮ್ಮ ಏನಂತಾರೆ?”

“ಜ್ವೀಲಿಯಾ.”

“ನೀನು?”

“ಜ್ವೀಲಿಯಾ.” ಈ ಸಲ ಸ್ವಲ್ಪ ತಡವಾಯಿತು.

“ನಮ್ಮ ದೇಶದಲ್ಲಿ ಹಾಲು ಕುಡಿಯೋ ಮಗೂನೂ ಜ್ವೀಲಿಯಾ ಅನ್ನುತ್ತೆ. ತಮ್ಮೂಝ್ ಅನ್ನೋರು ಸಿರಿಯಾ ಕಡೆಯವರು. ಅಲ್ಲಿಯವನು ಯಾವನೋ ಕಟ್ಟಿಟ್ಟಿದ್ದನ್ನ ಎತ್ಕೊಂಡು ಬಂದು, ನಾನೇ ಮಾಡಿದ್ದು ಅಂತ ನನ್ನ ಕಿವಿಗೆ ಹೂವು ಇಡ್ತಿದ್ದೀಯಾ?”

“ಇಲ್ಲ ಮೇತ್ರ್, ಕಟ್ಟೋ ಯಂತ್ರದ ಕ್ಯಾಲೆಂಡರ್ ಯಾವುದೋ ಅದನ್ನೇ ಅದು ಬರ್ಕೊಳ್ಳುತ್ತೆ. ಯಾವುದೋ ಸೆಟ್ಟಿಂಗ್ ತಪ್ಪಾಗಿರ್ಬೇಕು.”

ಇಪ್ಪತ್ತು ವರ್ಷ ಸಾಕ್ಷಿಗಳ ಮುಖ ನೋಡಿದವಳು ರೌದಾ. ಸುಳ್ಳು ಹೇಳುವವರು ಮೊದಲು ಪಟಪಟನೆ ಉತ್ತರಿಸುತ್ತಾರೆ, ಆಮೇಲೆ ಕಾರಣ ಹುಡುಕುತ್ತಾರೆ. ಮೂರು ವರ್ಷದಿಂದ ಈ ಆಫೀಸಿನ ಬೀಗದ ಕೈ ಇವನ ಹತ್ತಿರವೂ ಒಂದಿತ್ತು. ಕಾರ್ಖಾನೆಯ ಯಜಮಾನ ಇವನನ್ನೂ ಬುಟ್ಟಿಗೆ ಹಾಕಿಕೊಂಡನೇ? ಹಾಗೆಂದುಕೊಳ್ಳಲು ಅವಳಿಗೇ ಇಷ್ಟವಿರಲಿಲ್ಲ. ಆದರೂ ಅವಳು ಬಿಡಲಿಲ್ಲ.

“ಚೀಲದಲ್ಲಿ ಲ್ಯಾಪ್‌ಟಾಪ್ ಇದೆಯಲ್ಲ, ತೆಗಿ. ನನ್ನ ಕಣ್ಣೆದುರಿಗೆ ಇನ್ನೊಂದು ಸಲ ಕಟ್ಟು.”

“ಚಾರ್ಜ್ ಇಲ್ಲ.”

“ಪ್ಲಗ್ ಇದೆ.”

“ಗಂಟೆಗಟ್ಟಲೆ ಆಗುತ್ತೆ, ಮೇತ್ರ್.”

“ಆಗ್ಲಿ. ಇಬ್ಬರಿಗೂ ಫ್ರಿಕಾಸೆ ತರಿಸ್ತೀನಿ, ತಿಂತಾ ನೋಡೋಣ.”

ಹೈಕಲ್ ಲ್ಯಾಪ್‌ಟಾಪ್ ತೆಗೆದು, ಪರದೆ ತನಗಷ್ಟೇ ಕಾಣುವ ಹಾಗೆ ಓರೆ ಮಾಡಿಕೊಂಡ. ರೌದಾ ಎದ್ದು ಅವನ ಬೆನ್ನ ಹಿಂದೆಯೇ ಹೋಗಿ ನಿಂತಳು. ಅವನು ಒಂದು ಆಜ್ಞೆ ಬರೆದು ಗುಂಡಿ ಒತ್ತಿದ. ಕಪ್ಪು ಕಿಟಕಿಯಲ್ಲಿ ಸಾಲುಗಳು ಒಂದರ ಹಿಂದೊಂದು ಮೇಲಕ್ಕೆ ಓಡತೊಡಗಿದವು. ಅವಳಿಗೆ ಅದರ ತಲೆಬುಡ ತಿಳಿಯಲಿಲ್ಲ. ಆದರೆ ಯಾವ ಫೈಲು ಎಲ್ಲಿದೆ ಎಂದು ಪ್ರತಿ ಸಾಲೂ ಹೇಳಿಕೊಂಡು ಹೋಗುತ್ತಿತ್ತು, ಪ್ರತಿ ಸಾಲಿನಲ್ಲೂ ಲ್ಯಾಪ್‌ಟಾಪಿನ ಒಡೆಯರ ಹೆಸರಿತ್ತು. ಅದು ಹೈಕಲ್ ಅಲ್ಲ.

“ಸುಲಾಫಾ ಯಾರು?”

ಅವನು ಕಿಟಕಿ ಮುಚ್ಚಲು ಕೈ ಚಾಚಿದ. ರೌದಾ ಅವನ ಮಣಿಕಟ್ಟು ಹಿಡಿದುಕೊಂಡಳು. “ಯಾರು ಅಂದೆ. ಯಜಮಾನನ ಕಡೆಯವಳಾ?”

“ನನ್ನ ಹೆಂಡತಿ.”

“ನಿನಗೆ ಮದುವೇನೇ ಆಗಿಲ್ಲ! ಒಳ್ಳೇ ಹೆಣ್ಣಿದ್ರೆ ಹೇಳಿ ಅಂತ ಹೋದ ತಿಂಗಳು ನಿಮ್ಮಮ್ಮ ನನ್ನೇ ಕೇಳಿದ್ರಲ್ಲೋ.”

“ಅಮ್ಮಂಗೂ ಗೊತ್ತಿಲ್ಲ.” ಹೈಕಲ್ ತಿರುಗಿ ನೋಡಲಿಲ್ಲ. “ಸಿರಿಯಾದ ಅಲೆಪ್ಪೋದವಳು. ಅವಳ ಹತ್ರ ಪಾಸ್‌ಪೋರ್ಟ್ ಇಲ್ಲ, ಒಂದು ಚೀಟೀನೂ ಇಲ್ಲ. ನಗರಸಭೆಯಲ್ಲಿ ಯಾರು ರಿಜಿಸ್ಟರ್ ಮಾಡ್ತಾರೆ? ಇಬ್ಬರು ಸಾಕ್ಷಿ ಇಟ್ಕೊಂಡು ಫಾತಿಹಾ ಓದಿ ಮದುವೆಯಾದ್ವಿ, ಅಷ್ಟೇ. ನನ್ನ ಲ್ಯಾಪ್‌ಟಾಪ್ ಕೆಟ್ಟಿತ್ತು, ಅವಳದ್ರಲ್ಲಿ ಕಟ್ಟಿದೆ. ಅವಳ ಊರಿನ ತಿಂಗಳ ಹೆಸರು ಅಲ್ಲೂ ಬರುತ್ತೆ ಅಂತ ಹೊಳೀಲೇ ಇಲ್ಲ.”

ರೌದಾ ಅವನ ಕೈ ಬಿಟ್ಟಳು. ರಿಜಿಸ್ಟರ್ ಆಗದ ಮದುವೆಗೆ ಗಂಡ ಹೆಂಡತಿ ಇಬ್ಬರಿಗೂ ಮೂರು ತಿಂಗಳ ಜೈಲು. ಅಷ್ಟರಲ್ಲಿ ಆ ಹುಡುಗಿಯನ್ನು ಗಡಿಯಾಚೆ ದಬ್ಬಲು ಕಾಗದಪತ್ರ ತಯಾರಾಗಿರುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಹಾಗಿದ್ದೂ, ಇದೂ ಒಂದು ಕಥೆಯೇ ಇರಬಹುದಲ್ಲ ಎಂಬ ಹುಳ ಒಳಗೆ ಕೊರೆಯುವುದನ್ನು ಬಿಡಲಿಲ್ಲ. ಕೂತು ಕಾದಳು. ಫ್ರಿಕಾಸೆ ಬಂತು, ಇಬ್ಬರೂ ಮುಟ್ಟಲಿಲ್ಲ.

ಎರಡೂವರೆ ಗಂಟೆ ಕಳೆದ ಮೇಲೆ ಸಾಲುಗಳು ನಿಂತವು. ಹೈಕಲ್ ಹೊಸದಾಗಿ ಕಟ್ಟಿದ ಸಂದೂಕನ್ನು ತೆರೆದು, ವಿವರದ ಕಿಟಕಿಯನ್ನು ತೋರಿಸಿದ. ೧೫ ತಮ್ಮೂಝ್.

“ನಂಬಿದೆ ಕಣೋ,” ಅಂದಳು ರೌದಾ. “ಸುಲಾಫಾ ವಿಷಯ ನನ್ನ ಬಾಯಿಂದ ಹೊರಗೆ ಹೋಗಲ್ಲ.”

ಹೈಕಲ್ ಲ್ಯಾಪ್‌ಟಾಪನ್ನು ಮಡಚಿ ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ಎದ್ದು ನಿಂತ. ಅವಳನ್ನೇ ಅಳೆಯುವ ಹಾಗೆ ನೋಡಿದ.

“ಸಂದೂಕಿನ ಮೇಲೆ ನಿಮಗೆ ಅನುಮಾನ ಬಂತು, ಮೂಲದಿಂದ ಮತ್ತೆ ಕಟ್ಟಿಸಿ ನೋಡಿದ್ರಿ. ನಿಮ್ಮ ಮೇಲೆ ನಂಗೆ ಅನುಮಾನ ಬಂದ್ರೆ, ನಾನು ಏನನ್ನ ತೆರೆದು ನೋಡ್ಲಿ, ಮೇತ್ರ್?”