ಅನ್ನದ ಕೆರೆ

ಪ್ರೇಕ್ಷಾ ಬಿಸಿಯೂಟದ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ದೊಡ್ಡತಾಯಮ್ಮ ಬಡಿಸಿದ ಅನ್ನ, ಮೇಲೆ ಸುರಿದ ಸಾರು, ಎರಡೂ ಆರುತ್ತಿದ್ದವು.

"ಉಣ್ಣೇ ತಾಯಿ."

"ಕೆರೆ ಇಲ್ಲ," ಎಂದಿತು ಮಗು.

"ಕೇಳ್ದೇನೇ ಗಂಗಿ? ಊರ ಕೆರೇಲೇ ನೀರಿಲ್ಲ, ಇವಳ ತಟ್ಟೇಗೆ ಕೆರೆ ನಾನೆಲ್ಲಿಂದ ತರ್ಲಿ!" ದೊಡ್ಡತಾಯಮ್ಮ ಅಡುಗೆಮನೆಯತ್ತ ಕೂಗಿದಳು.

ಒಳಗಿದ್ದ ಶಿವಗಂಗಮ್ಮ ನಗಲಿಲ್ಲ. ಆ ಕೆರೆ ಅವಳದೇ. ಸಾಲಗಾಮೆ ಕಡೆಯ ಕೊಪ್ಪಲಿನ ಪುಟ್ಟ ಶಾಲೆಯಲ್ಲಿ ಅವಳು ಚಿಕ್ಕ ಮಕ್ಕಳ ಅನ್ನದ ನಡುವೆ ಸೌಟಿನ ಬೆನ್ನಿನಿಂದ ಗುಂಡಿ ಒತ್ತಿ, ಸುತ್ತ ಏರಿಯಂತೆ ಅನ್ನ ಎಬ್ಬಿಸಿ, ಸಾರು ತುಂಬಿಸುತ್ತಿದ್ದಳು. ಮಕ್ಕಳು ಸಾಲದೆಂದು ಈ ಜೂನಿನಲ್ಲಿ ಆ ಶಾಲೆಯನ್ನು ದೊಡ್ಡೂರಿನ ಶಾಲೆಗೆ ಸೇರಿಸಿದರು. ಮಕ್ಕಳ ಜೊತೆ ಅವಳೂ ಬಂದಳು. "ಮಕ್ಕಳು ಹೊಂದಿಕೊಳ್ಳೋವರೆಗೂ ಇರಿ ಗಂಗಮ್ಮ. ಆಮೇಲೆ ಇಲ್ಲಿ ಅಡುಗೆಗೆ ದೊಡ್ಡತಾಯಮ್ಮ ಒಬ್ಬರೇ ಸಾಕು" ಎಂದು ಹೆಡ್‌ಮೇಡಂ ಸ್ನೇಹಲತಾ ಮೊದಲ ದಿನವೇ ಹೇಳಿದ್ದರು.

ಮೊದಮೊದಲು ಕೊಪ್ಪಲಿನ ಮಕ್ಕಳು ಬೇರೆ ಸಾಲು ಹಿಡಿದು ಗೋಡೆಗೆ ಒತ್ತಿಕೊಂಡು ಕೂರುತ್ತಿದ್ದರು. ಮೇಡಂ ಗದರಿಸಿ ಬೆರೆಸಲು ಹೋದಾಗ ತಡೆದವಳು ಶಿವಗಂಗಮ್ಮನೇ. "ನಾಟಿ ಆಕಿದ್ ಪೈರು ಬೇರು ಬುಡೋಗಂಟ ಬಾಡ್ತದೆ ಮೇಡಂ. ಕಿತ್ತು ಕಿತ್ತು ನೋಡಬಾರ್ದು." ಆರಿದ್ರೆ ಮಳೆ ಹೋಗಿ, ದೀಪಾವಳಿ ಕಳೆದು, ಮಕ್ಕಳು ಒಬ್ಬೊಬ್ಬರಾಗಿ ಗೋಡೆ ಬಿಟ್ಟರು. ಉಳಿದವಳು ಪ್ರೇಕ್ಷಾ ಒಬ್ಬಳು. ದಿನವೂ ಶಿವಗಂಗಮ್ಮ ಹೋಗಿ ಕೆರೆ ತೋಡಬೇಕು, ಆಮೇಲೆಯೇ ತುತ್ತು.

ಇವತ್ತೂ ಸೌಟು ಹಿಡಿದು ಹೊರಟವಳು ಬಾಗಿಲಲ್ಲೇ ನಿಂತಳು. ಪ್ರೇಕ್ಷಾ ಗೋಡೆಯ ಬಳಿ ಇರಲಿಲ್ಲ. ದೊಡ್ಡೂರಿನ ಇಬ್ಬರು ಹುಡುಗಿಯರ ನಡುವೆ ತೊಡೆಗೆ ತೊಡೆ ತಾಗಿಸಿ ಕೂತಿದ್ದಳು. ಬೇರು ಬಿಟ್ಟಾಗಿತ್ತು. ಉಳಿದದ್ದು ಆ ಕೆರೆಯೊಂದೇ. ಅದೊಂದನ್ನು ತನ್ನ ಕೈಯಲ್ಲೇ ಇಟ್ಟುಕೊಂಡರೆ ಬೇಸಿಗೆ ರಜೆಯವರೆಗೂ ಈ ಕೆಲಸ ದೂಡಬಹುದು. ಶಿವ ಶಿವಾ, ಎಂದುಕೊಂಡಳು. ಅನ್ನದ ಮುಂದೆ ಕೂಸನ್ನು ಕಾಯಿಸಿ ಯಾವ ದೇವರಿಗೆ ಮುಖ ತೋರಿಸಲಿ?

ಹೋಗಿ ತನ್ನ ಸೌಟನ್ನು ದೊಡ್ಡತಾಯಮ್ಮನ ಕೈಗಿಟ್ಟಳು. ತಟ್ಟೆಗೆ ಹೊಸದಾಗಿ ಅನ್ನ ಹಾಕಿ, ಆ ಕೈಯ ಮೇಲೆ ತನ್ನ ಕೈಯಿಟ್ಟಳು. "ಬೆನ್ನಲ್ಲಿ ಒತ್ತಕ್ಕ. ಮೆಲ್ಲಗೆ. ಈಗ ಸುತ್ತ ಎಳಿ."

ದೊಡ್ಡತಾಯಮ್ಮನ ಕೈ ನಿಂತಿತು. ದನಿ ತಗ್ಗಿಸಿ, "ಲೇ ಗಂಗಿ, ಇದನ್ನೂ ಕಲಿಸ್ಬುಟ್ರೆ ನಿನ್ ಗತಿಯೇನೇ?" ಎಂದಳು.

"ಕೂಸು ಹಸ್ದದೆ ಕಣಕ್ಕ. ಎಳಿ."

ಸಾರು ತುಂಬಿತು. ಪ್ರೇಕ್ಷಾ ಒಮ್ಮೆ ಕೆರೆಯನ್ನು, ಒಮ್ಮೆ ದೊಡ್ಡತಾಯಮ್ಮನ ಮುಖವನ್ನು ನೋಡಿ, ಏರಿ ಒಡೆದು ಉಣ್ಣತೊಡಗಿದಳು. "ತಾಯಜ್ಜಿ, ನಂಗೂ ಕೆರೆ!" ಪಕ್ಕದ ಹುಡುಗಿ ದೊಡ್ಡತಾಯಮ್ಮನ ಸೆರಗು ಜಗ್ಗಿದಳು.

ಜಗಲಿಯಲ್ಲಿ ನಿಂತಿದ್ದ ಮೇಡಂ ಹತ್ತಿರ ಬಂದರು. "ಗಂಗಮ್ಮ, ಹಾಗಿದ್ರೆ ಸೋಮವಾರದಿಂದ..." ಅಷ್ಟಕ್ಕೇ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು.

"ಊಂ ಮೇಡಂ," ಎಂದಳು ಶಿವಗಂಗಮ್ಮ.

ಮಕ್ಕಳೆಲ್ಲ ತಟ್ಟೆ ತೊಳೆದು ಓಡಿದ ಮೇಲೆ ಇಬ್ಬರೂ ಉಣ್ಣಲು ಕೂತರು. ದೊಡ್ಡತಾಯಮ್ಮ ಶಿವಗಂಗಮ್ಮನ ತಟ್ಟೆಗೆ ಅನ್ನ ಹಾಕಿ, ಸೌಟಿನ ಬೆನ್ನಿನಿಂದ ಗುಂಡಿ ಒತ್ತಿ, ಸಾರು ಬಿಟ್ಟಳು. ಏರಿ ಒಂದು ಕಡೆ ತೆಳ್ಳಗಾಗಿತ್ತು. ಸಾರು ಅಲ್ಲಿಂದ ಹರಿದು ತಟ್ಟೆಯ ಅಂಚಿಗೆ ಬಂತು.

"ಥೂ, ಒಡ್ದೋಯ್ತು ಕಣೇ."

ಶಿವಗಂಗಮ್ಮ ಒಡೆದ ಜಾಗಕ್ಕೆ ಬೆರಳು ಅಡ್ಡವಿಟ್ಟು ಹಾಗೇ ಕೂತಳು. ತಟ್ಟೆಯಿಂದ ಕಣ್ಣೆತ್ತದೆ, "ಇರ್ಲಿ ಬುಡಕ್ಕ," ಎಂದಳು. "ಕೈಗೆ ಬರಕ್ಕೆ ಒಸಿ ದಿನ ಬೇಕು."