ಕುಂಟು ಮೇಜು

"ಬನ್ನಿ ಸರ್, ಕೂತ್ಕೊಳ್ಳಿ" ಎಂದು ಮಗಳು ಕುರ್ಚಿ ಹಿಂದಕ್ಕೆಳೆದಾಗ ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಮನೆಯಲ್ಲಿ 'ಏಳಪ್ಪಾ, ಬಾರಪ್ಪಾ' ಎಂದು ಜಬರದಸ್ತು ಮಾಡುವ ಹುಡುಗಿ! ಆದರೆ ಇವತ್ತು ಪ್ರಾಯೋಗಿಕ ಪರೀಕ್ಷೆ. ಹೋಟೆಲ್ ಕೆಲಸದ ವಿಷಯ ತೆಗೆದುಕೊಂಡ ಮಕ್ಕಳೆಲ್ಲ ಶಾಲೆಯ ಊಟದ ಕೋಣೆಯಲ್ಲಿ ತಲಾ ಒಂದು ಮೇಜು ಅಣಿಮಾಡಿ, ಮನೆಯಿಂದ ಒಬ್ಬ ಅತಿಥಿಯನ್ನು ಕರೆಸಿ ಬಡಿಸಬೇಕು. ಅತಿಥಿ ಎದ್ದು ಕೆಲಸಕ್ಕೆ ಕೈಹಾಕಿದರೆ ಅಂಕ ಕಡಿತ ಎಂದು ಬಾಗಿಲಲ್ಲೇ ಬರೆದು ಅಂಟಿಸಿದ್ದರು.

ಅಪ್ಪ ಮುಳ್ಳಿನ ಮೇಲೆ ಕೂತಂತೆ ಕೂತ. ಇಪ್ಪತ್ತೆಂಟು ವರ್ಷ ಹೋಟೆಲಿನಲ್ಲಿ ಸಪ್ಲೈಯರ್ ಆಗಿ ದುಡಿದವನಿಗೆ ಬಡಿಸಿ ಗೊತ್ತೇ ಹೊರತು ಬಡಿಸಿಕೊಂಡು ಗೊತ್ತಿಲ್ಲ. ಅಂಗಿಯ ಜೇಬಿನಲ್ಲಿ ಒಂದು ಅರ್ಜಿಯಿತ್ತು. ಮಗಳಿಗೆ ಈ ವಿಷಯ ಬೇಡ, ಕಂಪ್ಯೂಟರ್ ಕೊಡಿ ಎಂದು ಬರೆದು, ಸಹಿ ಹಾಕಿಯೇ ತಂದಿದ್ದ. ವಿಷಯ ಬದಲಾಯಿಸಲು ಇವತ್ತೇ ಕಡೆಯ ದಿನ.

ಬೆಳಿಗ್ಗೆ ಇದರ ಮೇಲೇ ಜಟಾಪಟಿ ನಡೆದಿತ್ತು.

"ಜನ ನನ್ನ ಹೆಂಗೆ ಕರೀತಾರೆ ಗೊತ್ತಾ? ಲೋಟಕ್ಕೆ ಚಮಚ ಬಡೀತಾರೆ. ನಿಂಗೂ ಅದೇ ಬೇಕಾ?"

"ನಾನು ಬರೀ ತಟ್ಟೆ ಎತ್ತೋದು ಕಲೀತಿಲ್ಲಪ್ಪ, ಇಡೀ ಹೋಟೆಲ್ ನಡೆಸೋದು ಕಲೀತಿದೀನಿ. ಒಂದ್ಸಲ ನನ್ನ ಮೇಜಲ್ಲಿ ಊಟ ಮಾಡು. ಆಮೇಲೂ ಬೇಡ ಅನ್ನಿಸಿದ್ರೆ ಅರ್ಜಿ ಕೊಡು, ನಾನು ತುಟಿ ಬಿಚ್ಚಲ್ಲ" ಎಂದಿದ್ದಳು ಮಗಳು. ಹಿಡಿದ ಹಟ ಬಿಡುವವಳಲ್ಲ. ಆ ಹಟವಾದರೂ ಅಪ್ಪನ ಕಡೆಯಿಂದಲೇ ಬಂದದ್ದು.

ಸೂಪು ಬಂತು. ಬಟ್ಟಲ ಕೆಳಗೆ ತಟ್ಟೆ, ಹೆಬ್ಬೆರಳು ಅಂಚಿನಿಂದ ಹೊರಗೆ, ಬೆನ್ನು ನೆಟ್ಟಗೆ. ತಪ್ಪು ಹುಡುಕಲೆಂದೇ ಕೂತಿದ್ದ ಅಪ್ಪನಿಗೆ ಒಂದೂ ಸಿಗದೆ ಬೇಜಾರೇ ಆಯಿತು. ಪರೀಕ್ಷಕಿ ಎರಡು ಮಾರು ದೂರದಲ್ಲಿ ಅಂಕಪಟ್ಟಿ ಹಿಡಿದು ನಿಂತಿದ್ದರು. ಮಗಳು ಬಟ್ಟಲಿಟ್ಟು ಕೈ ತೆಗೆದಳು. ಬ್ರೆಡ್ ತೆಗೆದುಕೊಳ್ಳಲು ಅಪ್ಪ ಮೊಣಕೈ ಊರಿದ್ದೇ ತಡ, ಮೇಜು ಒಂದು ಕಡೆ ವಾಲಿ, ಸೂಪು ತುಳುಕಿ ಬಿಳಿ ಬಟ್ಟೆಯ ಮೇಲೆಲ್ಲ ಹರಿಯಿತು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಕೆಲಸದ ಗುಣವೂ ಅಷ್ಟೇ. ಅಪ್ಪ ಎದ್ದೇಬಿಟ್ಟ. ಕೈ ಹೆಗಲಿಗೆ ಹೋಯಿತು. ಒರೆಸುವ ಬಟ್ಟೆ ಅಲ್ಲಿರಲಿಲ್ಲ. ಜೇಬಿಗೆ ಕೈಹಾಕಿ ಕರವಸ್ತ್ರ ಎಳೆದ. ಪರೀಕ್ಷಕಿಯ ಪೆನ್ನು ಎದ್ದಿತು.

"ಸರ್, ಕೂತ್ಕೊಳ್ಳಿ."

"ಅಯ್ಯೋ, ಕಲೆ ಕೂತ್ಬಿಡುತ್ತೆ ಕಣೇ, ಒಂದ್ನಿಮಿಷ..."

"ಇದು ನನ್ನ ಮೇಜು ಸರ್. ನಾನು ನೋಡ್ಕೋತೀನಿ."

ದನಿ ಏರಲಿಲ್ಲ, ಕಣ್ಣು ಕದಲಲಿಲ್ಲ. ಅಪ್ಪ ಕುಕ್ಕರಿಸಿದ. ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡ. ಇಲ್ಲದಿದ್ದರೆ ಅವು ಮಾತು ಕೇಳುವ ಕೈಗಳಲ್ಲ. ಪೆನ್ನು ಕಾಗದಕ್ಕೆ ತಾಗಲಿಲ್ಲ.

ಮಗಳು ಬಟ್ಟಲು ಎತ್ತಿ, ಒದ್ದೆಯನ್ನು ಉಜ್ಜದೆ ಒತ್ತಿ ಒತ್ತಿ ಹೀರಿಸಿದಳು. ಮೇಲೊಂದು ಒಗೆದ ಬಟ್ಟೆ ಹಾಸಿ, ಬೇರೆ ಸೂಪು ತಂದಿಟ್ಟು, "ತೊಂದ್ರೆ ಆಯ್ತು, ಕ್ಷಮಿಸಿ ಸರ್" ಎಂದಳು. ಕೆಲಸಕ್ಕೆ ಸೇರಿದ ಮೊದಲ ದಿನ ಅಪ್ಪನೂ ಹೀಗೇ ಚೆಲ್ಲಿದ್ದ. ಪಾತ್ರೆ ತೊಳೆಯುವ ಮೂಲೆಯಲ್ಲಿ ನಿಂತು ಅತ್ತಿದ್ದ. ಇವಳು ಅಳಲಿಲ್ಲ.

ಆದರೆ ಮೇಜಿನ ರೋಗ ಹಾಗೇ ಇತ್ತು. ಇನ್ನೊಂದು ಸಲ ವಾಲಿದರೆ ಮುಗಿಯಿತು, ಮಗಳು ಪಾಸಾಗುವುದಿಲ್ಲ, ಈ ವಿಷಯ ತಾನಾಗಿಯೇ ಕೈತಪ್ಪಿ ಅರ್ಜಿ ಕೊಡುವ ಕೆಲಸವೂ ಉಳಿಯುತ್ತದೆ. ಅಪ್ಪ ಎದ್ದು ಸರಿಮಾಡುವಂತಿಲ್ಲ. ಅವನೆದುರಿಗೆ ಲೋಟವಿತ್ತು, ಚಮಚವಿತ್ತು. ಎರಡನ್ನೂ ನೋಡಿದ. ಮುಟ್ಟಲಿಲ್ಲ.

"ಮೇಡಂ" ಎಂದ ಮೆಲ್ಲಗೆ.

ಪರೀಕ್ಷಕಿಯನ್ನು ಕರೆದನೆಂದುಕೊಂಡು ಮಗಳು ಅತ್ತ ನೋಡಿದಳು. ಆಮೇಲೆ ಇತ್ತ.

"ನಿಮ್ಮನ್ನೇ ಮೇಡಂ. ಈ ಮೇಜು ಕುಂಟ್ತಾ ಇದೆ, ಸ್ವಲ್ಪ ಸರಿಮಾಡಿ ಕೊಡ್ತೀರಾ?" ಅಪ್ಪ ಜೇಬಿನ ಕಾಗದ ತೆಗೆದು, ಇನ್ನೆರಡು ಮಡಿಕೆ ಹಾಕಿ, ಉಗುರಿನಿಂದ ಗೀರಿ ಚಾಚಿದ. "ಕಾಲಿನ ಕೆಳಗೆ ಇದನ್ನಿಡಿ. ಅಳತೆ ಸರಿಹೋಗುತ್ತೆ."

ಮಗಳು ಮಂಡಿಯೂರಿದಳು. ಮಡಿಕೆಯ ಅಂಚಿನಲ್ಲಿ ಅಪ್ಪನ ಸಹಿ ಅರ್ಧ ಕಾಣುತ್ತಿತ್ತು. ತಲೆಯೆತ್ತಿ ನೋಡಿದಳು. ಅಪ್ಪ ಸೂಪಿಗೆ ಉಪ್ಪು ಸಾಕೋ ಬೇಕೋ ಎಂಬ ಘನ ವಿಚಾರದಲ್ಲಿ ಮುಳುಗಿದ್ದ.

ಅವಳು ಅರ್ಜಿಯನ್ನು ಕುಂಟು ಕಾಲಿನ ಅಡಿಗೆ ತಳ್ಳಿದಳು. ಮೇಜು ಗಟ್ಟಿಯಾಗಿ ನಿಂತಿತು.