ಸರಿಯದ ಚುಕ್ಕಿ

ಆಕಾಶಕ್ಕೆ ಧೂಳು ಕವಿದು ಮೂವತ್ತು ವರ್ಷವಾಗಿತ್ತು. ಧೂಳಿನಾಚೆ ಕಾಣುವ ದುರ್ಬೀನು ಹೊತ್ತು ನೀಲವ್ವ, ಬಸಲಿಂಗ ದಂಪತಿ ವರ್ಷವಿಡೀ ಊರೂರು ತಿರುಗಿದ್ದರು. ಚುಕ್ಕಿಗಳು ಇನ್ನೂ ಇವೆಯೆಂದು ಜನರಿಗೆ ಆಣೆ ಮಾಡಿ ಹೇಳುತ್ತಿದ್ದವಳು ನೀಲವ್ವ.

ಆ ಸಂಜೆ ಕುರಿಗಾಹಿ ಬೀರಜ್ಜ ದುರ್ಬೀನಿನಿಂದ ಕಣ್ಣು ತೆಗೆಯಲೇ ಇಲ್ಲ.

“ನಾ ಕುರಿ ಕಾಯುವಾಗ ಚುಕ್ಕಿ ಸರೀತಿದ್ವು, ತಂಗಿ. ಇದು ಗೂಟಕ್ಕ ಕಟ್ಟಿದಂಗ ನಿಂತೈತಿ. ಒಳಗ ಚಿತ್ರ ಹಚ್ಚೀರೇನು?”

“ಚುಕ್ಕಿ ಬೆನ್ನು ಹತ್ತಾಕ ಇದಕ್ಕ ಮೋಟಾರ ಐತಜ್ಜ, ಅದಕ್ಕ ನಿಂತಂಗ ಕಾಣತೈತಿ,” ಎಂದು ಬಸಲಿಂಗ ನಕ್ಕ.

ನೀಲವ್ವ ಮೋಟಾರು ನಿಲ್ಲಿಸಿ, ತಾನೇ ಬಗ್ಗಿ ನೋಡುತ್ತ ನಿಧಾನವಾಗಿ ಇನ್ನೂರು ಎಣಿಸಿದಳು. ಚುಕ್ಕಿ ಕೂದಲೆಳೆಯಷ್ಟೂ ಅಲುಗಲಿಲ್ಲ. ತಲೆಯೆತ್ತಿದಾಗ ಗಂಡ ನೆಲ ನೋಡುತ್ತಿದ್ದ.

“ಏನವಾ, ಸರೀತೇನು?” ಅಜ್ಜ ಕೇಳಿದ.

ಅವನ ಹಿಂದೆ ಇಡೀ ಊರು ಸಾಲುಗಟ್ಟಿ ಕಾಯುತ್ತಿತ್ತು.

“ಸರೀತಜ್ಜ,” ಎಂದಳು ನೀಲವ್ವ.